ಮೋಪಿನ ವ್ಯಾಪಾರಿ ಶಾಸಕನಾದದ್ದು ಹೇಗೆ? ಐಸಾಕ್ ಸ್ಟೀಫನ್‌ಸನ್ ಕುರಿತು ಒಂದು ಪ್ರಶ್ನೆ

ಗವಿಬೆಟ್ಟದ ಓದುಗ, ಕೊಪ್ಪಳ (ಪ್ರಶ್ನೆ)

ಬಳಗದ ಹಿರಿಯರಿಗೆಲ್ಲ ನಮಸ್ಕಾರ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕಕ್ಕೆ ವಲಸೆ ಹೋಗಿ, ಮರದ ವ್ಯವಹಾರದಲ್ಲಿ ಬೆಳೆದು, ರಾಜ್ಯದ ಶಾಸನಸಭೆಯನ್ನು ಹೊಕ್ಕ ಒಬ್ಬ ವ್ಯಕ್ತಿಯ ಬದುಕಿನ ಮೇಲೆ ಪ್ರಬಂಧ ಬರೆಯುವ ಕೆಲಸ ಎಂ.ಎ. ಸೆಮಿನಾರಿನಲ್ಲಿ ನನ್ನ ಪಾಲಿಗೆ ಬಂದಿದೆ. ನಾನು ವಿಸ್ಕಾನ್ಸಿನ್ ರಾಜ್ಯದ ಐಸಾಕ್ ಸ್ಟೀಫನ್‌ಸನ್ ಅವರನ್ನು ಆರಿಸಿಕೊಂಡಿದ್ದೇನೆ. ಅವರು 1829ರ ಜೂನ್ 18ರಂದು ಆಗ ಬ್ರಿಟಿಷರ ವಸಾಹತಾಗಿದ್ದ ನ್ಯೂ ಬ್ರನ್ಸ್‌ವಿಕ್‌ನಲ್ಲಿ, ಫ್ರೆಡೆರಿಕ್ಟನ್ ಪಟ್ಟಣದ ಹತ್ತಿರ ಹುಟ್ಟಿದರು. 1845ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಜೆಫರ್ಸನ್ ಸಿಂಕ್ಲೇರ್ ಎಂಬ ಮರದ ವ್ಯವಹಾರಸ್ಥರ ಜೊತೆ ವಿಸ್ಕಾನ್ಸಿನ್‌ಗೆ ಬಂದರು. ಮೊದಲು ಹೊಲದ ಕೆಲಸ ಮಾಡಿದರು, ಆಮೇಲೆ ಮಿಷಿಗನ್‌ನ ಎಸ್ಕನಾಬಾ ಕಡೆಯ ಕಾಡಿನ ಬೀಡುಗಳಲ್ಲಿ ದುಡಿದರು. 1858ರಲ್ಲಿ ಮೆನೊಮಿನಿ ನದಿಯ ದಡದ ಮೆರಿನೆಟ್ ಎಂಬ ಊರಿಗೆ ಬಂದು, ಲುಡಿಂಗ್ಟನ್ ಕಂಪನಿಯ ಮರದ ಕಾರ್ಖಾನೆಯಲ್ಲಿ ನಾಲ್ಕಾಣೆ ಪಾಲು ಕೊಂಡರು. 1866ರಲ್ಲಿ ಒಮ್ಮೆ, 1868ರಲ್ಲಿ ಮತ್ತೊಮ್ಮೆ ವಿಸ್ಕಾನ್ಸಿನ್ ಅಸೆಂಬ್ಲಿಯ ಸದಸ್ಯರಾದರು. ಮುಂದೆ 1883ರಿಂದ 1889ರವರೆಗೆ ವಾಷಿಂಗ್ಟನ್‌ನ ಕೆಳಮನೆಯಲ್ಲಿ, 1907ರಿಂದ 1915ರವರೆಗೆ ಸೆನೆಟ್‌ನಲ್ಲಿ ಕುಳಿತು, 1918ರ ಮಾರ್ಚ್ 15ರಂದು ಮೆರಿನೆಟ್‌ನಲ್ಲಿಯೇ ತೀರಿಕೊಂಡರು.

ಇಷ್ಟನ್ನು ಜೋಡಿಸಿಕೊಂಡ ಮೇಲೆಯೂ ಪ್ರಬಂಧ ಮುಂದಕ್ಕೆ ಸಾಗುತ್ತಿಲ್ಲ. ಕೊಡಲಿ ಹಿಡಿದು ಬಂದ ಹುಡುಗ ಇಪ್ಪತ್ತು ವರ್ಷದಲ್ಲಿ ಶಾಸಕನಾದ ದಾರಿ ಯಾವುದು ಎಂಬುದೇ ನನಗೆ ಸ್ಪಷ್ಟವಾಗಿಲ್ಲ. ಸಂಡೂರಿನ ಕಡೆಯವನಾದ ನನ್ನ ಕೊಠಡಿಯ ಗೆಳೆಯನಿಗೆ ಕೇಳಿದರೆ, "ಇದರಲ್ಲಿ ಕೇಳುವುದೇನಿದೆ? ದುಡ್ಡು ಬಂದ ಮೇಲೆ ಕುರ್ಚಿ ತಾನಾಗಿ ಬರುತ್ತದೆ, ಅದನ್ನು ನಾವು ಅದಿರಿನ ಕಾಲದಲ್ಲಿ ಕಣ್ಣಾರೆ ಕಂಡಿಲ್ಲವೇ?" ಎಂದು ನಕ್ಕುಬಿಟ್ಟ. ವಿಷಯ ಅಷ್ಟು ಸರಳವೇ? ಒಂದೊಂದು ವರ್ಷದ ಎರಡು ಅವಧಿಗಳನ್ನು ಇಟ್ಟುಕೊಂಡು ಇಡೀ ಪ್ರಬಂಧವನ್ನು ಶಾಸಕನ ಸುತ್ತ ಕಟ್ಟಲು ಸಾಧ್ಯವೇ? ಇನ್ನೊಂದು ಸಣ್ಣ ತೊಡಕೂ ಇದೆ: ಇಂಥವರನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? "ಮರಕಡುಕ" ಎಂದರೆ ಕೂಲಿಯವನಂತೆ ಕೇಳಿಸುತ್ತದೆ, "ಉದ್ಯಮಿ" ಎಂದರೆ ಮರವೇ ಮಾಯವಾಗುತ್ತದೆ. ತಿಳಿದವರು ದಾರಿ ತೋರಿಸಬೇಕಾಗಿ ವಿನಂತಿ.

ನಿವೃತ್ತ ಉಪನ್ಯಾಸಕ, ಗಂಗಾವತಿ

ತಮ್ಮಾ, ನಿನ್ನ ಗೆಳೆಯನ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅವನು ಗಾಡಿಯನ್ನು ಎತ್ತಿನ ಮುಂದೆ ಕಟ್ಟಿದ್ದಾನೆ. ಸ್ಟೀಫನ್‌ಸನ್ ಅವರ ಮಟ್ಟಿಗೆ, ಅದರಲ್ಲಿಯೂ 1866ರ ಮಟ್ಟಿಗೆ, ದುಡ್ಡಿನಿಂದ ಕುರ್ಚಿ ಬಂತು ಎನ್ನುವುದಕ್ಕಿಂತ ಕುರ್ಚಿಯಿಲ್ಲದೆ ದಂಧೆಯೇ ನಡೆಯುವಂತಿರಲಿಲ್ಲ ಎನ್ನುವುದು ಹೆಚ್ಚು ಸರಿ. ಅದು ತಿಳಿಯಬೇಕಾದರೆ ನೀನು ಶಾಸನಸಭೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಹೊಳೆಯ ದಂಡೆಗೆ ಬರಬೇಕು.

ಅಲ್ಲಿನ ಬಿಳಿ ಪೈನ್ ಮರ ಹಗುರ, ನೀರಿನ ಮೇಲೆ ಸಲೀಸಾಗಿ ತೇಲುತ್ತದೆ. ಉತ್ತರ ವಿಸ್ಕಾನ್ಸಿನ್‌ನ ಕಾಡಿನೊಳಕ್ಕೆ ಆಗ ರೈಲು ಇರಲಿಲ್ಲ, ಗಾಡಿ ಹೋಗುವಂಥ ರಸ್ತೆಯೂ ಇರಲಿಲ್ಲ. ಆದ್ದರಿಂದ ಕೆಲಸವೆಲ್ಲ ಹವಾಮಾನಕ್ಕೆ ತಕ್ಕಂತೆ ಹೊಂದಿಕೊಂಡಿತ್ತು. ಚಳಿಗಾಲ ಬರುತ್ತಲೇ ಆಳುಗಳು ಕಾಡಿನ ಬೀಡು ಸೇರಿ ಮರ ಉರುಳಿಸುತ್ತಿದ್ದರು. ನೆಲ ಹೆಪ್ಪುಗಟ್ಟಿ ಗಟ್ಟಿಯಾದ ಮೇಲೆ, ಎತ್ತುಗಳು ಎಳೆಯುವ ಗಾಲಿಯಿಲ್ಲದ ಜಾರುಬಂಡಿಗಳಲ್ಲಿ ದಿಮ್ಮಿಗಳನ್ನು ಹೇರಿ, ಹಿಮದ ದಾರಿಯಲ್ಲಿ ಜಾರಿಸಿಕೊಂಡು ಬಂದು ನದಿಯ ದಂಡೆಯಲ್ಲಿ ಒಟ್ಟುತ್ತಿದ್ದರು. ಬೇಸಿಗೆಯ ಆರಂಭದಲ್ಲಿ ಹಿಮ ಕರಗಿ ಹೊಳೆ ಉಕ್ಕಿದಾಗ ಆ ರಾಶಿಯನ್ನೆಲ್ಲ ನೀರಿಗೆ ಉರುಳಿಸಿದರೆ, ಅದು ತಾನಾಗಿಯೇ ಕೆಳಗಿನ ಕಾರ್ಖಾನೆಗಳ ಕಡೆಗೆ ಹೊರಡುತ್ತಿತ್ತು. ಒಂದು ದಿಮ್ಮಿ ಬಂಡೆಗೆ ಸಿಕ್ಕಿ ಅಡ್ಡ ನಿಂತರೆ ಹಿಂದಿನ ಸಾವಿರಾರು ದಿಮ್ಮಿಗಳು ಅದರ ಮೇಲೇರಿ ಕೋಟೆಯಂತೆ ನಿಲ್ಲುತ್ತಿದ್ದವು. ಉದ್ದನೆಯ ಕೊಕ್ಕೆಗೋಲು ಹಿಡಿದು, ಮೊಳೆ ಹೊಡೆದ ಬೂಟು ಹಾಕಿಕೊಂಡು, ತಣ್ಣೀರಿನಲ್ಲಿ ಉರುಳುವ ದಿಮ್ಮಿಗಳ ಮೇಲೆ ಓಡಾಡುತ್ತಾ ಆ ಸಿಕ್ಕನ್ನು ಬಿಡಿಸುವ ಕೆಲಸದಲ್ಲಿ ಪ್ರಾಣ ಕಳೆದುಕೊಂಡವರಿಗೆ ಲೆಕ್ಕವಿಲ್ಲ.

ಇಲ್ಲಿಯವರೆಗೆ ಎಲ್ಲ ಕೂಲಿಯ ಮಾತು. ಕಾನೂನಿನ ಮಾತು ಹುಟ್ಟುವುದು ನದಿಯ ಬಾಯಿಯಲ್ಲಿ. ಹತ್ತಾರು ಒಡೆಯರ ದಿಮ್ಮಿಗಳು ಒಂದೇ ನೀರಿನಲ್ಲಿ ಕಲಸಿಹೋಗಿ ಬರುತ್ತವೆ. ಅವನ್ನು ತಡೆಯದಿದ್ದರೆ ಎಲ್ಲವೂ ಗ್ರೀನ್ ಬೇ ಎಂಬ ಕೊಲ್ಲಿಗೆ ಹೋಗಿ ಚೆಲ್ಲಾಪಿಲ್ಲಿಯಾಗುತ್ತವೆ. ತಡೆಯುವುದಕ್ಕೆ ಅವರು ಮಾಡುತ್ತಿದ್ದದ್ದೇನೆಂದರೆ, ದಪ್ಪ ದಿಮ್ಮಿಗಳನ್ನು ಒಂದಕ್ಕೊಂದು ಸರಪಳಿಯಿಂದ ಬಿಗಿದು ಹೊಳೆಗೆ ಅಡ್ಡಲಾಗಿ ತೇಲುವ ಬೇಲಿ ಹಾಕುತ್ತಿದ್ದರು. ಅದಕ್ಕೆ ಬೂಮ್ ಎನ್ನುತ್ತಾರೆ. ಬೇಲಿಯೊಳಗೆ ಬಂದ ಪ್ರತಿ ದಿಮ್ಮಿಯ ಗುರುತು ನೋಡಿ, ಅವರವರ ಪಾಲನ್ನು ಅವರವರ ಕೊಟ್ಟಿಗೆಗೆ ತಳ್ಳಿ, ಸಾವಿರ ಅಡಿಗೆ ಇಷ್ಟು ಎಂದು ಸುಂಕ ಪಡೆಯುತ್ತಿದ್ದರು. ಈಗ ಹೇಳು, ಹರಿಯುವ ಹೊಳೆಗೆ ಅಡ್ಡ ಬೇಲಿ ಹಾಕಲು ಯಾರಿಗೆ ಹಕ್ಕಿದೆ? ಆನೆಗೊಂದಿಯ ಕಡೆ ತುಂಗಭದ್ರೆ ಯಾರೊಬ್ಬರ ಆಸ್ತಿಯೂ ಅಲ್ಲ, ಆದರೂ ಹರಿಗೋಲು ಹಾಕಿ ಜನರಿಂದ ದುಡ್ಡು ಎತ್ತಬೇಕಾದರೆ ಒಬ್ಬರಿಂದ ಗುತ್ತಿಗೆ ಪಡೆಯಲೇಬೇಕು. ಅಲ್ಲಿಯೂ ಹಾಗೆಯೇ. ವಿಸ್ಕಾನ್ಸಿನ್ ನೆಲವನ್ನೂ ಒಳಗೊಂಡಿದ್ದ ವಾಯವ್ಯ ಪ್ರಾಂತ್ಯದ 1787ರ ಕಾಯಿದೆಯೇ ಮಿಸಿಸಿಪ್ಪಿಗೂ ಸೇಂಟ್ ಲಾರೆನ್ಸ್‌ಗೂ ಸೇರುವ, ದೋಣಿ ನಡೆಯುವ ನದಿಗಳನ್ನು ಎಲ್ಲರಿಗೂ ಮುಕ್ತವಾದ ಹೆದ್ದಾರಿಗಳೆಂದು ಸಾರಿತ್ತು. 1848ರ ವಿಸ್ಕಾನ್ಸಿನ್ ಸಂವಿಧಾನ ಅದನ್ನೇ ತನ್ನೊಳಗೆ ಬರೆದುಕೊಂಡಿತು. ಹೆದ್ದಾರಿಗೆ ಬೇಲಿ ಹಾಕುವ ಅನುಮತಿಯನ್ನು ಶಾಸನಸಭೆಯಲ್ಲದೆ ಬೇರೆ ಯಾರು ಕೊಡಬಲ್ಲರು? ಬೂಮ್ ಕಟ್ಟಲು, ಅಣೆ ಹಾಕಿ ನೀರು ನಿಲ್ಲಿಸಲು, ಸುಂಕ ಎತ್ತಲು, ಪ್ರತಿಯೊಂದಕ್ಕೂ ಬೇರೆ ಬೇರೆ ಖಾಸಗಿ ಕಾಯಿದೆ ಬೇಕಾಗಿತ್ತು. ಆ ಕಾಲದ ಅಧಿವೇಶನಗಳ ಬಹುಪಾಲು ಹೊತ್ತು ಇಂಥ ಖಾಸಗಿ, ಸ್ಥಳೀಯ ಕಾಯಿದೆಗಳಲ್ಲಿಯೇ ಕಳೆದುಹೋಗುತ್ತಿತ್ತು. ಅದು ಅತಿಯಾದ್ದರಿಂದಲೇ 1871ರಲ್ಲಿ ಸಂವಿಧಾನ ತಿದ್ದಿ ಅನೇಕ ವಿಷಯಗಳಲ್ಲಿ ಅಂಥ ಕಾಯಿದೆಗಳನ್ನು ನಿಷೇಧಿಸಿದರು.

ಇದೇ ಹೊತ್ತಿನಲ್ಲಿ ರಾಜ್ಯದ ಇನ್ನೊಂದು ಮಗ್ಗುಲಿನ ಚಿಪೆವಾ ನದಿಯಲ್ಲಿ ಏನಾಯಿತೆಂದು ನೋಡಿದರೆ ನಿನಗೆ ಚಿತ್ರ ಪೂರ್ಣವಾಗುತ್ತದೆ. ಆ ನದಿಯ ಕೆಳಭಾಗದ ಬೀಫ್ ಸ್ಲೂ ಎಂಬ ಕವಲಿನಲ್ಲಿ ಬೂಮ್ ಹಾಕಬೇಕೆಂದು ಮಿಸಿಸಿಪ್ಪಿ ದಂಡೆಯ ಕಾರ್ಖಾನೆಯವರು, ಹಾಕಕೂಡದೆಂದು ಮೇಲಿನ ಓ ಕ್ಲೇರ್‌ನ ಕಾರ್ಖಾನೆಯವರು 1867ರಿಂದ ಹೊಳೆಯಲ್ಲಿಯೂ ಶಾಸನಸಭೆಯಲ್ಲಿಯೂ ಬಡಿದಾಡಿದರು. ಮುಂದೆ ಆ ಕೆಳದಂಡೆಯವರ ಮುಂದಾಳಾಗಿ ಬೆಳೆದವರು ಜರ್ಮನಿಯಿಂದ ವಲಸೆ ಬಂದ ಫ್ರೆಡ್ರಿಕ್ ವೇಯರ್‌ಹೌಸರ್. ಅವರು ಎಂದೂ ಶಾಸಕರಾಗಲಿಲ್ಲ, ಆದರೆ ಸ್ಟೀಫನ್‌ಸನ್ ಅವರಿಗಿಂತ ಎಷ್ಟೋ ದೊಡ್ಡ ಮರದ ಸಾಮ್ರಾಜ್ಯ ಕಟ್ಟಿದರು. ಹಾಗಾಗಿ ಕುರ್ಚಿಯಲ್ಲಿ ತಾನೇ ಕೂರುವುದು ಒಂದು ದಾರಿ ಮಾತ್ರ, ಏಕೈಕ ದಾರಿಯಲ್ಲ.

ಮೆನೊಮಿನಿಯ ವಿಶೇಷವೆಂದರೆ ಅದು ಎರಡು ರಾಜ್ಯಗಳ ಗಡಿ. ತೆಂಕಣ ದಡದ ಮೆರಿನೆಟ್ ವಿಸ್ಕಾನ್ಸಿನ್‌ಗೆ, ಬಡಗಣ ದಡದ ಮೆನೊಮಿನಿ ಪಟ್ಟಣ ಮಿಷಿಗನ್‌ಗೆ ಸೇರಿದವು. ಅಣ್ಣ ಐಸಾಕ್ ಒಂದು ದಡದಲ್ಲಿ, ತಮ್ಮ ಸ್ಯಾಮುಯೆಲ್ ಇನ್ನೊಂದು ದಡದಲ್ಲಿ. ಅಣ್ಣ ವಿಸ್ಕಾನ್ಸಿನ್ ರಾಜಧಾನಿ ಮ್ಯಾಡಿಸನ್‌ನ ಅಸೆಂಬ್ಲಿಗೆ ಹೋಗಿಬಂದ ಮೇಲೆ ತಮ್ಮ 1877ರಲ್ಲಿ ಮಿಷಿಗನ್‌ನ ಕೆಳಮನೆಗೂ, 1879ರಲ್ಲಿ ಮತ್ತು 1885ರಲ್ಲಿ ಅಲ್ಲಿನ ಸೆನೆಟ್‌ಗೂ ಹೋದರು. 1889ರ ಮಾರ್ಚ್‌ನಲ್ಲಿ ಅಣ್ಣ ವಾಷಿಂಗ್ಟನ್‌ನ ಕೆಳಮನೆಯಿಂದ ಹೊರಬಿದ್ದ ಗಳಿಗೆಯಲ್ಲಿಯೇ ತಮ್ಮ ಅದೇ ಮನೆಯನ್ನು ಹೊಕ್ಕು ಎಂಟು ವರ್ಷ ಇದ್ದರು. ಒಂದೇ ಹೊಳೆಯ ಎರಡೂ ದಂಡೆಗಳ ಮಾತು ಒಂದೇ ಮನೆಯಿಂದ ಹೊರಡುತ್ತಿತ್ತು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಮೆನೊಮಿನಿಯ ಬೂಮ್ ಕಂಪನಿ ಹುಟ್ಟಿದ್ದೂ 1860ರ ದಶಕದ ಉತ್ತರಾರ್ಧದಲ್ಲಿ, ಅದರ ಆಡಳಿತದಲ್ಲಿ ಐಸಾಕ್ ದೀರ್ಘಕಾಲ ಮುಂಚೂಣಿಯಲ್ಲಿದ್ದರು. ಆದರೆ ಒಂದು ಎಚ್ಚರಿಕೆ: ಅಧಿವೇಶನದ ನಡಾವಳಿಯನ್ನು ಪುಟ ತಿರುವಿ ನೋಡದೆ ಯಾವ ಮಸೂದೆಯನ್ನೂ ಅವರ ಹೆಸರಿಗೆ ಹಚ್ಚಬೇಡ. 1915ರಲ್ಲಿ ಅಚ್ಚಾದ ಅವರ ಆತ್ಮಕಥೆ ನಿನಗೆ ಸಿಕ್ಕೀತು. ಎಂಬತ್ತಾರರ ಮುದುಕರು ತಮ್ಮ ಬಗ್ಗೆ ತಾವೇ ಬರೆದುಕೊಂಡದ್ದು ಎಂಬುದನ್ನು ಓದುವಾಗ ಮರೆಯಬೇಡ.

"ವಲಸಿಗ" ಎಂಬ ಪದದ ಬಗ್ಗೆಯೂ ಒಂದು ಮಾತು. ಇಂಗ್ಲಿಷ್ ಮಾತನಾಡುವ, ಪಕ್ಕದ ವಸಾಹತಿನಿಂದ ಬಂದ ಈ ಹುಡುಗನನ್ನೂ, ಭಾಷೆಯೇ ಬಾರದೆ ಹಡಗಿನಿಂದ ಇಳಿದ ನಾರ್ವೆಯ ರೈತನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೆ ವಿಸ್ಕಾನ್ಸಿನ್‌ನ ಸಂವಿಧಾನ ಇಬ್ಬರಿಗೂ ಬಾಗಿಲು ತೆರೆದಿತ್ತು. ಪೌರತ್ವ ಇನ್ನೂ ಕೈಗೆ ಬಾರದಿದ್ದರೂ, ಪೌರನಾಗುವ ಇಚ್ಛೆಯನ್ನು ಘೋಷಿಸಿದ ಬಿಳಿಯ ಗಂಡಸಿಗೆ ಮತದಾನದ ಹಕ್ಕು ಸಿಗುತ್ತಿತ್ತು. ಅದೇ ರಾಜ್ಯದಲ್ಲಿ ಹುಟ್ಟಿ ಬೆಳೆದ ಕರಿಯರಿಗೆ ಆ ಹಕ್ಕು ದಕ್ಕಿದ್ದು 1866ರಲ್ಲಿ, ಎಜೆಕಿಯಲ್ ಗಿಲೆಸ್ಪಿ ಎಂಬವರು ನ್ಯಾಯಾಲಯದ ಮೆಟ್ಟಿಲೇರಿ ಗೆದ್ದ ಮೇಲೆ, ಅಂದರೆ ಸ್ಟೀಫನ್‌ಸನ್ ಮೊದಲ ಸಲ ಅಸೆಂಬ್ಲಿಯಲ್ಲಿ ಕುಳಿತ ವರ್ಷವೇ. ಈ ಎರಡನ್ನೂ ನಿನ್ನ ಪ್ರಬಂಧದ ಒಂದೇ ಪುಟದಲ್ಲಿ ಇಡು.

ಕೊನೆಗೆ ಒಂದು ಸಣ್ಣ ತಿದ್ದುಪಡಿ. ಅವರು ಆರಿಸಿಹೋದಾಗ ಮೆರಿನೆಟ್ ಎಂಬ ಹೆಸರಿನ ಕೌಂಟಿಯೇ ಇರಲಿಲ್ಲ, ಊರು ಒಕಾಂಟೋ ಕೌಂಟಿಯಲ್ಲಿತ್ತು. ಬೇರೆಯಾದದ್ದು 1879ರಲ್ಲಿ. 1997ಕ್ಕೆ ಮುಂಚಿನ ಕೊಪ್ಪಳದವರನ್ನು ಕೊಪ್ಪಳ ಜಿಲ್ಲೆಯವರೆಂದು ಬರೆದರೆ ನೀನೇ ಹುಬ್ಬೇರಿಸುವೆಯಲ್ಲ, ಹಾಗೆ.

ಗರಗಸದ ಮನೆ, ರಾಯಚೂರು

ಗುರುಗಳು ಹೊಳೆಯ ಕಥೆ ಹೇಳಿದ ಮೇಲೆ ಕಾರ್ಖಾನೆಯ ಒಳಗಿನ ಕಥೆಯನ್ನು ನಾನು ಹೇಳಬಹುದೆಂದು ಧೈರ್ಯ ಮಾಡುತ್ತಿದ್ದೇನೆ. ನಮ್ಮದು ಮೂರು ತಲೆಮಾರಿನ ಸಾಮಿಲ್. ನಮ್ಮ ತಾತನವರ ಕಾಲದಲ್ಲಿ ಮಾಳಿಗೆ ಮನೆಗಳಿಗೆ ತೊಲೆ, ಜಂತಿ ಕೊಯ್ದುಕೊಡುತ್ತಿದ್ದೆವು. ಈಗ ಹೆಚ್ಚಾಗಿ ಬಾಗಿಲ ಚೌಕಟ್ಟು, ಜೊತೆಗೆ ನ್ಯೂಜಿಲೆಂಡ್‌ನಿಂದ ಬರುವ ಪೈನ್ ಮರದ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ.

ಮೊದಲು ಹೆಸರಿನ ಪ್ರಶ್ನೆ. ತಮ್ಮಾ, ಅರಣ್ಯ ಇಲಾಖೆಯ ಡಿಪೋಗಳ ಬೋರ್ಡಿನ ಮೇಲೆ "ಸರ್ಕಾರಿ ನಾಟಾ ಸಂಗ್ರಹಾಲಯ" ಎಂದು ಬರೆದಿರುತ್ತದೆ. ನಾಟಾ ಎಂದರೆ ಕೊಯ್ಯಲು ಯೋಗ್ಯವಾದ ಮರ. ಹಳೆಯ ಬರವಣಿಗೆಯಲ್ಲಿ ಅದನ್ನೇ ಮೋಪು ಎನ್ನುತ್ತಾರೆ. "ಮೋಪಿನ ವ್ಯಾಪಾರಿ" ಎಂದು ಬರೆದರೆ ಕಡಿಸುವವನು, ಸಾಗಿಸುವವನು, ಕೊಯ್ಸುವವನು, ಮಾರುವವನು ನಾಲ್ವರೂ ಒಬ್ಬನಲ್ಲಿಯೇ ಬಂದಂತಾಗುತ್ತದೆ. ಸ್ಟೀಫನ್‌ಸನ್ ಮಾಡಿದ್ದು ಆ ನಾಲ್ಕನ್ನೂ ತಾನೇ, ಹಾಗಾಗಿ ಆ ಹೆಸರು ಹೊಂದುತ್ತದೆ. ನಮ್ಮ ಅಂಗಳದಲ್ಲಿ ಅಂಥವರನ್ನು ಸುಮ್ಮನೆ "ಟಿಂಬರ್ ಸಾಹುಕಾರ್ರು" ಎನ್ನುತ್ತೇವೆ, ಆದರೆ ಅದನ್ನು ನಿಮ್ಮ ಪ್ರಾಧ್ಯಾಪಕರು ಒಪ್ಪಲಿಕ್ಕಿಲ್ಲ.

ಗುರುಗಳು ಹೇಳಿದ ಗುರುತಿನ ವಿಷಯ ನನಗೆ ಬಹಳ ಹತ್ತಿರದ್ದು. ನಮ್ಮಲ್ಲಿಗೆ ಬರುವ ಸಾಗುವಾನಿ ದಿಮ್ಮಿಯ ತಲೆಯ ಮೇಲೆ ಇಲಾಖೆಯ ಹ್ಯಾಮರ್ ಮುದ್ರೆ ಇಲ್ಲದಿದ್ದರೆ ಅದು ಕಳ್ಳಮಾಲು. ಅಲ್ಲಿಯೂ ಒಡೆಯರು ಸುತ್ತಿಗೆಯ ಮೂತಿಯಲ್ಲಿ ತಮ್ಮ ಗುರುತನ್ನು ಎರಕ ಹೊಯ್ಸಿಕೊಂಡು ದಿಮ್ಮಿಯ ಕೊಯ್ದ ಮುಖಕ್ಕೆ ಬಡಿಯುತ್ತಿದ್ದರು. ದಿಮ್ಮಿ ನೀರಿನಲ್ಲಿ ಹೇಗೆ ಉರುಳಿದರೂ ಮುಖ ಕಾಣುತ್ತದೆ ಎಂಬುದೇ ಅದರ ಲಾಭ. ಆ ಗುರುತುಗಳನ್ನು ಸರ್ಕಾರದ ಪುಸ್ತಕದಲ್ಲಿ ನೋಂದಾಯಿಸಬೇಕಾಗಿತ್ತು. ನೋಂದಣಿಯ ಕಾನೂನು ಮಾಡುವವರು ಯಾರು? ಮತ್ತೆ ಅದೇ ಶಾಸನಸಭೆ.

ಅಳತೆಯ ಮಾತನ್ನು ಬಹಳ ಜನ ಗಮನಿಸುವುದಿಲ್ಲ. ನಾವು ಘನ ಅಡಿಯಲ್ಲಿ, ಅಂದರೆ ಸಿಎಫ್‌ಟಿಯಲ್ಲಿ, ವ್ಯವಹರಿಸುತ್ತೇವೆ. ಅವರದು ಬೋರ್ಡ್ ಫುಟ್. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಇಂಚು ದಪ್ಪದ ಹಲಗೆ ಒಂದು ಬೋರ್ಡ್ ಫುಟ್. ಹನ್ನೆರಡು ಸೇರಿದರೆ ನಮ್ಮ ಒಂದು ಘನ ಅಡಿ. ಇಲ್ಲಿಯವರೆಗೆ ಮಕ್ಕಳ ಲೆಕ್ಕ. ಆದರೆ ದುಂಡನೆಯ ದಿಮ್ಮಿಯೊಳಗೆ ಎಷ್ಟು ಹಲಗೆ ಅಡಗಿದೆ ಎಂದು ಕೊಯ್ಯುವ ಮೊದಲೇ ಹೇಳಬೇಕಲ್ಲ, ಜಗಳ ಹುಟ್ಟುವುದು ಅಲ್ಲಿ. 20 ಇಂಚು ಅಡ್ಡಗಲ, 16 ಅಡಿ ಉದ್ದದ ಒಂದು ನೇರ ದಿಮ್ಮಿಯನ್ನು ತೆಗೆದುಕೊಳ್ಳಿ. ನಿಜವಾದ ಗಾತ್ರ ಸುಮಾರು 35 ಘನ ಅಡಿ, ಅಂದರೆ 420 ಬೋರ್ಡ್ ಫುಟ್. ನಾನು ನಮ್ಮ ಪದ್ಧತಿಯಂತೆ ಹಗ್ಗ ಸುತ್ತಿ 63 ಇಂಚು ಸುತ್ತಳತೆ ತೆಗೆದು, ಅದರ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಹೆಚ್ಚಿಸಿದರೆ ಸುಮಾರು 27.5 ಘನ ಅಡಿ ಬರುತ್ತದೆ, ಅಂದರೆ 330 ಬೋರ್ಡ್ ಫುಟ್. ಅಮೆರಿಕದಲ್ಲಿ ಬಳಕೆಯಲ್ಲಿದ್ದ ಡಾಯ್ಲ್ ಎಂಬ ಅಳತೆಯಲ್ಲಿ ಅಡ್ಡಗಲದಿಂದ ನಾಲ್ಕು ಇಂಚು ಕಳೆದು, ಉಳಿದದ್ದನ್ನು ಅದರಿಂದಲೇ ಗುಣಿಸಬೇಕು, 16 ಅಡಿಯ ದಿಮ್ಮಿಗೆ ಅದೇ ಉತ್ತರ. ಹದಿನಾರನ್ನು ಹದಿನಾರರಿಂದ ಗುಣಿಸಿದರೆ 256. ಒಂದೇ ದಿಮ್ಮಿಗೆ ಮೂರು ಉತ್ತರ ಬಂತು! ಬರೀ 8 ಇಂಚಿನ ಸಣಕಲು ದಿಮ್ಮಿಗಂತೂ ಡಾಯ್ಲ್ ಕೊಡುವುದು 16 ಬೋರ್ಡ್ ಫುಟ್, ನಿಜವಾಗಿ ಅದರಲ್ಲಿರುವುದು 67. ಆಗಿನ ಚಕ್ರಗರಗಸದ ಹಲ್ಲು ಕಾಲಿಂಚಿಗೂ ದಪ್ಪ, ಪ್ರತಿ ಕೊಯ್ತಕ್ಕೂ ಅಷ್ಟು ಮರ ಹೊಟ್ಟಾಗಿ ಉದುರುತ್ತಿತ್ತು ಎನ್ನುವುದು ನಿಜವೇ. ಆದರೂ ಹೊಟ್ಟಿನ ಹೆಸರಿನಲ್ಲಿ ಹೋದದ್ದೆಲ್ಲ ಹೊಟ್ಟಲ್ಲ ಎಂದು ನನ್ನಂಥವನಿಗೆ ತಿಳಿಯುತ್ತದೆ. ಈ ಅಳತೆಗಳಲ್ಲಿ ಕಾನೂನುಬದ್ಧವಾದದ್ದು ಯಾವುದೆಂದು ಹಲವು ರಾಜ್ಯಗಳಲ್ಲಿ ಶಾಸನಸಭೆಯೇ ನಿಗದಿ ಮಾಡಿತು. ದಿಮ್ಮಿ ಕೊಳ್ಳುವವನೇ ಆ ಸಭೆಯಲ್ಲಿ ಕುಳಿತಿದ್ದರೆ ಅದರ ಬೆಲೆ ಎಷ್ಟೆಂದು ನೀವೇ ಲೆಕ್ಕ ಹಾಕಿ.

ಇನ್ನು ಆ ಅದಿರಿನ ಹೋಲಿಕೆ. ಅಮೆರಿಕದ ಕಾಡುಗಳಲ್ಲಿ "ದುಂಡು ನಲವತ್ತು" ಎಂಬ ಕುಹಕದ ಮಾತೊಂದಿತ್ತು. ಸರ್ಕಾರ ನಲವತ್ತು ಎಕರೆಯ ಚೌಕ ತುಂಡುಗಳಾಗಿ, ಎಕರೆಗೆ ಒಂದೂಕಾಲು ಡಾಲರಿನಂತೆ ಕಾಡು ಮಾರುತ್ತಿತ್ತು. ಕೆಲವರು ಒಂದು ತುಂಡನ್ನು ಕೊಂಡು ಅದರ ಸುತ್ತಲಿನ ಸರ್ಕಾರಿ ತುಂಡುಗಳ ಮರವನ್ನೂ ಕಡಿದು ಸಾಗಿಸುತ್ತಿದ್ದರು. ಸ್ಟೀಫನ್‌ಸನ್ ಹಾಗೆ ಮಾಡಿದರೆಂದು ನಾನು ಹೇಳುತ್ತಿಲ್ಲ. ಆದರೆ ಸುಪ್ರೀಂ ಕೋರ್ಟು 2013ರಲ್ಲಿ ನಮ್ಮ ಕಡೆಯ "ಸಿ" ವರ್ಗದ ಗಣಿ ಗುತ್ತಿಗೆಗಳನ್ನು ರದ್ದು ಮಾಡಿದ ಕಾರಣಗಳಲ್ಲಿ ಗಡಿಯ ಆಚೆಗಿನ ಅಗೆತವೂ ಒಂದು ಎಂಬುದನ್ನು ಓದಿದವರಿಗೆ ಆ ಕುಹಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇತಿಹಾಸದ ಟೀಚರು, ಬಳ್ಳಾರಿ

ಗುರುಗಳೇ, ಸಾಹುಕಾರ್ರೇ, ಇಬ್ಬರ ಮಾತೂ ತೂಕದ್ದೇ. ಆದರೆ ಇಬ್ಬರ ಬರಹದಲ್ಲಿಯೂ ಕಾಡು ಎಂದರೆ ದಿಮ್ಮಿಗಳ ಗೋದಾಮು ಎಂಬಂತೆ ಕಾಣಿಸಿತು. ನನ್ನ ತಕರಾರು ಇರುವುದು ಅಲ್ಲಿ.

ಮೆನೊಮಿನಿ ಎಂಬುದು ನದಿಯ ಹೆಸರಾಗುವ ಮೊದಲು ಒಂದು ಜನಾಂಗದ ಹೆಸರು. ಸ್ಟೀಫನ್‌ಸನ್ ಬರುವ ಒಂಬತ್ತು ವರ್ಷ ಮೊದಲು, 1836ರಲ್ಲಿ, ಸೀಡರ್ಸ್ ಒಪ್ಪಂದ ಎಂದು ಕರೆಯುವ ಕರಾರಿನಲ್ಲಿ ಆ ಜನ ಸುಮಾರು ನಲವತ್ತು ಲಕ್ಷ ಎಕರೆಯನ್ನು ಬಿಟ್ಟುಕೊಡಬೇಕಾಯಿತು. ಮೆರಿನೆಟ್ ಎಂಬ ಊರಿನ ಹೆಸರು ಕೂಡ ಅಲ್ಲಿ ತುಪ್ಪಳದ ವ್ಯಾಪಾರ ನಡೆಸುತ್ತಿದ್ದ, ಫ್ರೆಂಚ್ ಮತ್ತು ಮೂಲನಿವಾಸಿ ನೆತ್ತರಿನ ಒಬ್ಬ ಹೆಣ್ಣುಮಗಳದು. ಹೆಣ್ಣಿನ ಹೆಸರಿನ ಊರು, ಜನಾಂಗದ ಹೆಸರಿನ ಹೊಳೆ. ಶಾಸನಸಭೆಯಲ್ಲಿ ಮಾತ್ರ ಇಬ್ಬರಿಗೂ ಜಾಗವಿರಲಿಲ್ಲ. 1854ರಲ್ಲಿ ವುಲ್ಫ್ ನದಿಯ ದಂಡೆಯಲ್ಲಿ ಮೆನೊಮಿನಿ ಜನರಿಗೆ ಚಿಕ್ಕದೊಂದು ಮೀಸಲು ಪ್ರದೇಶ ಉಳಿಯಿತು. ಅಲ್ಲಿಯೂ ಅವರು ಮರ ಕಡಿದರು, ಈಗಲೂ ಕಡಿಯುತ್ತಾರೆ, ಸ್ವಂತ ಕಾರ್ಖಾನೆಯನ್ನೂ ನಡೆಸುತ್ತಾರೆ. ಆದರೆ ಬೆಳೆದಷ್ಟನ್ನೇ ಕಡಿಯುವ ಪದ್ಧತಿಯಿಂದಾಗಿ ಇಂದಿಗೂ ಆ ಕಾಡು ನಿಂತಿದೆ, ಉಪಗ್ರಹದ ಚಿತ್ರದಲ್ಲಿ ಸುತ್ತಲಿನ ಹೊಲಗಳ ನಡುವೆ ಕಡುಹಸಿರು ಚೌಕದಂತೆ ಎದ್ದು ಕಾಣುತ್ತದೆ. ಅದೇ ಮರ, ಅದೇ ಗರಗಸ. ಹಾಗಾಗಿ "ಆ ಕಾಲವೇ ಹಾಗಿತ್ತು" ಎಂಬ ಒಂದು ಸಾಲಿನಿಂದ ಪ್ರಬಂಧವನ್ನು ದಾಟಿಸಬೇಡಪ್ಪ.

ಎರಡನೆಯದು ಬೆಂಕಿ. ಸ್ಟೀಫನ್‌ಸನ್ ಅವರ ಬದುಕನ್ನು ಬರೆದು 1871ರ ಅಕ್ಟೋಬರ್ 8ನ್ನು ಬಿಟ್ಟರೆ ಅರ್ಥವೇ ಇಲ್ಲ. ಮೆರಿನೆಟ್‌ನ ತೆಂಕಣಕ್ಕೆ ಪೆಷ್ಟಿಗೋ ಎಂಬ ಊರಿತ್ತು. ಷಿಕಾಗೋದ ಮೊದಲ ಮೇಯರ್ ವಿಲಿಯಂ ಆಗ್ಡನ್ ಅವರೊಂದಿಗೆ ಸ್ಟೀಫನ್‌ಸನ್ ಪಾಲುದಾರರಾಗಿದ್ದ ಪೆಷ್ಟಿಗೋ ಕಂಪನಿಯ ಕಾರ್ಖಾನೆಗಳು ಅಲ್ಲಿದ್ದವು. ಬಕೆಟ್ಟು, ತೊಟ್ಟಿ, ಪೊರಕೆಯ ಹಿಡಿ, ಬಟ್ಟೆ ಒಣಹಾಕುವ ಕ್ಲಿಪ್ಪು, ಹೀಗೆ ಮನೆಬಳಕೆಯ ಮರದ ಸಾಮಾನನ್ನೆಲ್ಲ ಅಲ್ಲಿ ಮಾಡುತ್ತಿದ್ದರು. ಆ ವರ್ಷ ಮಳೆ ಕೈಕೊಟ್ಟಿತ್ತು. ಕಡಿದ ಕಾಡಿನಲ್ಲಿ ಬಿಟ್ಟುಬಂದ ರೆಂಬೆ, ತೊಗಟೆ, ತುದಿಗಳು ಒಣಗಿ ನೆಲದ ಮೇಲೆ ಹಾಸಿದ್ದವು. ಹೊಲ ಮಾಡಿಕೊಳ್ಳಲು ರೈತರು ಹಚ್ಚಿದ ಬೆಂಕಿ, ರೈಲುದಾರಿ ಹಾಕುವವರು ಹಚ್ಚಿದ ಬೆಂಕಿ ವಾರಗಟ್ಟಲೆ ಹೊಗೆಯಾಡುತ್ತಿದ್ದವು. ಆ ರಾತ್ರಿ ಗಾಳಿ ಎದ್ದಾಗ ಎಲ್ಲ ಒಂದಾಗಿ ಊರಿನ ಮೇಲೆ ಬಿದ್ದವು. ಬದುಕಿದವರು ಬದುಕಿದ್ದು ಪೆಷ್ಟಿಗೋ ಹೊಳೆಯಲ್ಲಿ ಕುತ್ತಿಗೆಯವರೆಗೆ ನಿಂತು, ತಲೆಯ ಮೇಲೆ ನೀರು ಚೆಲ್ಲಿಕೊಳ್ಳುತ್ತಾ. ಸತ್ತವರ ಲೆಕ್ಕ 1200ರಿಂದ 2500ರವರೆಗೆ ಹೇಳುತ್ತಾರೆ. ಗುರುತು ಸಿಗದ ಸುಮಾರು 350 ಜನರನ್ನು ಒಂದೇ ಗುಂಡಿಯಲ್ಲಿ ಮಣ್ಣು ಮಾಡಿದರು. ಸುಟ್ಟ ನೆಲ ಹನ್ನೆರಡು ಲಕ್ಷ ಎಕರೆ. ಅದೇ ರಾತ್ರಿ ಷಿಕಾಗೋ ನಗರವೂ ಹತ್ತಿಕೊಂಡಿತ್ತು. ಆದ್ದರಿಂದ ಜಗತ್ತಿನ ಕಣ್ಣೆಲ್ಲ ಅತ್ತ ತಿರುಗಿತು.

ಮೆರಿನೆಟ್‌ನ ಬಹುಭಾಗ ಉಳಿಯಿತು. ಅಲ್ಲಿಂದ ನೆರವಿನ ಏರ್ಪಾಟಿಗೆ ನಿಂತವರು ಸ್ಟೀಫನ್‌ಸನ್. ಸುದ್ದಿ ರಾಜಧಾನಿ ಮ್ಯಾಡಿಸನ್ ತಲುಪಿದಾಗ ಗವರ್ನರ್ ಲೂಸಿಯಸ್ ಫೇರ್‌ಚೈಲ್ಡ್ ಷಿಕಾಗೋದ ಸಂತ್ರಸ್ತರಿಗೆ ನೆರವಾಗಲು ಹೋಗಿಬಿಟ್ಟಿದ್ದರು. ಅವರ ಹೆಂಡತಿ ಫ್ರಾನ್ಸಿಸ್, ಷಿಕಾಗೋಗೆ ಹೊರಟಿದ್ದ ಸಾಮಾನಿನ ರೈಲನ್ನು ತಾವೇ ಪೆಷ್ಟಿಗೋ ಕಡೆಗೆ ತಿರುಗಿಸಿದರು. ಮತವೂ ಇಲ್ಲದ ಹೆಂಗಸು ಆ ದಿನ ರಾಜ್ಯವನ್ನು ಆಳಿದಳು, ಇದನ್ನು ಪಾಠ ಮಾಡುವಾಗ ನನ್ನ ತರಗತಿಯಲ್ಲಿ ಹುಡುಗಿಯರು ಚಪ್ಪಾಳೆ ತಟ್ಟುತ್ತಾರೆ. ಈಗ ನನ್ನ ಪ್ರಶ್ನೆ: ನೆರವಿಗೆ ನಿಂತವರು ಹೌದು, ಆದರೆ ಆ ಒಣ ರೆಂಬೆಗಳನ್ನು ನೆಲದಲ್ಲಿ ಬಿಟ್ಟ ದಂಧೆ ಯಾರದು? ಬೇಲಿಗೆ, ಗುರುತಿಗೆ, ಅಳತೆಗೆ ಕಾಯಿದೆ ಮಾಡಿದ ಸಭೆ ಕಡಿದ ಮೇಲೆ ಉಳಿದ ಕಸಕ್ಕೆ ಕಾಯಿದೆ ಮಾಡಲಿಲ್ಲ. ಸುಟ್ಟ ಷಿಕಾಗೋವನ್ನು ಮತ್ತೆ ಕಟ್ಟಲು ಹಲಗೆ ಹೋದದ್ದು ಇದೇ ಕೊಲ್ಲಿಯ ದಂಡೆಗಳಿಂದ ಎಂಬುದನ್ನೂ ಸೇರಿಸಿಕೊ.

ಗವಿಬೆಟ್ಟದ ಓದುಗ, ಕೊಪ್ಪಳ

ಗುರುಗಳಿಗೆ, ಅಣ್ಣನವರಿಗೆ, ಅಕ್ಕನವರಿಗೆ ಶರಣು. ನಾನು ಬರೆದಿಟ್ಟಿದ್ದ ಮೊದಲ ನಾಲ್ಕು ಪುಟಗಳನ್ನು ಹರಿದು ಹಾಕಿದೆ, ಈಗ ಹೊಳೆಯಿಂದ ಶುರು ಮಾಡುತ್ತೇನೆ. ಸಾಹುಕಾರ್ರ ಲೆಕ್ಕವನ್ನು ಪರೀಕ್ಷಿಸಲು ನಮ್ಮ ಓಣಿಯಲ್ಲಿ ಬಿದ್ದಿದ್ದ ಬೇವಿನ ದಿಮ್ಮಿಗೆ ಹಗ್ಗ ಸುತ್ತಿ ನೋಡಿದೆ, ನೋಡುವವರೆಲ್ಲ ಕೊಳ್ಳುವ ಗಿರಾಕಿಯೆಂದು ದರ ಹೇಳತೊಡಗಿದರು. ಒಂದು ಸಂಶಯ ಉಳಿದಿದೆ. ಗುರುಗಳು "1866ರ ಮಟ್ಟಿಗೆ" ಎಂದು ಒತ್ತಿ ಬರೆದಿದ್ದೀರಿ. ಹಾಗಾದರೆ ಮುಂದೆ ಬೇರೆಯಾಯಿತೇ? ಸೆನೆಟ್‌ಗೆ ಆರಿಸಿಬಂದಾಗ ವಿಚಾರಣೆಯೊಂದು ನಡೆಯಿತೆಂದು ಓದಿದೆ.

ನಿವೃತ್ತ ಉಪನ್ಯಾಸಕ, ಗಂಗಾವತಿ

ಟೀಚರಮ್ಮನ ತಕರಾರನ್ನು ತಲೆಬಾಗಿ ಒಪ್ಪುತ್ತೇನೆ. ಕಸದ ಕಾಯಿದೆಯ ಮಾತು ನನಗೆ ಹೊಳೆದಿರಲಿಲ್ಲ.

ತಮ್ಮಾ, ಹೌದು, ಮುಂದೆ ಬೇರೆಯಾಯಿತು, ಮತ್ತು ನಿನ್ನ ಗೆಳೆಯನ ಮಾತು ಸಲ್ಲುವುದು ಅಲ್ಲಿಯೇ. 1890ರ ದಶಕದ ಹೊತ್ತಿಗೆ ಸ್ಟೀಫನ್‌ಸನ್ ಮರ, ಬ್ಯಾಂಕು, ರೈಲು ಎಲ್ಲದರಲ್ಲಿಯೂ ಬೇರೂರಿದ ಧನಿಕರು. ಅವರಿಗೆ ಸೆನೆಟಿನ ಆಸೆ ಇತ್ತು. ಆ ಕಾಲದಲ್ಲಿ ಸೆನೆಟರುಗಳನ್ನು ಆರಿಸುತ್ತಿದ್ದವರು ಜನರಲ್ಲ, ರಾಜ್ಯದ ಶಾಸಕರು. 1899ರಲ್ಲಿ ಅವರದೇ ರಿಪಬ್ಲಿಕನ್ ಪಕ್ಷದ ಹಳೆಯ ತಲೆಗಳು ಅವರಿಗೆ ಆ ಸ್ಥಾನ ತಪ್ಪಿಸಿದವು. ಮುನಿದ ಮುದುಕರು, ಆ ಹಳೆಯ ತಲೆಗಳ ವಿರುದ್ಧ ಎದ್ದಿದ್ದ ಸುಧಾರಕ ರಾಬರ್ಟ್ ಲಾ ಫಾಲೆಟ್ ಅವರಿಗೆ ಹಣದ ಚೀಲ ಬಿಚ್ಚಿದರು. ಲಾ ಫಾಲೆಟ್ 1901ರಲ್ಲಿ ಗವರ್ನರ್ ಆದರು. ಅದೇ ವರ್ಷ ಅವರ ಬೆಂಬಲಕ್ಕೆಂದು ಮಿಲ್ವಾಕಿಯಲ್ಲಿ ಹೊರಟ ದಿನಪತ್ರಿಕೆಯ ಹಿಂದೆಯೂ ಸ್ಟೀಫನ್‌ಸನ್ ಅವರ ದುಡ್ಡೇ ಇತ್ತು. ಸುಧಾರಕರ ದೊಡ್ಡ ಸಾಧನೆಯೆಂದರೆ, ಅಭ್ಯರ್ಥಿಯನ್ನು ಪಕ್ಷದ ಮುಖಂಡರ ಬದಲು ಮತದಾರರೇ ಆರಿಸುವ ಪ್ರಾಥಮಿಕ ಚುನಾವಣೆಯ ಕಾನೂನು. 1904ರಲ್ಲಿ ಜನ ಅದಕ್ಕೆ ಒಪ್ಪಿಗೆ ಕೊಟ್ಟರು.

1907ರಲ್ಲಿ ಜಾನ್ ಸ್ಪೂನರ್ ರಾಜೀನಾಮೆಯಿಂದ ಸೆನೆಟಿನ ಸ್ಥಾನ ತೆರವಾದಾಗ ಶಾಸಕರು ಸ್ಟೀಫನ್‌ಸನ್ ಅವರನ್ನು ಕಳಿಸಿದರು. ಅಷ್ಟಕ್ಕೇ ಮುಗಿಯಬಹುದಿತ್ತು. ಮುಗಿಯಲಿಲ್ಲ. 1908ರ ಪ್ರಾಥಮಿಕ ಚುನಾವಣೆಗೆ, ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ, ಅವರು ಮತ್ತೆ ನಿಂತರು, ಒಂದು ಲಕ್ಷ ಏಳು ಸಾವಿರ ಡಾಲರಿಗೂ ಮಿಕ್ಕಿ ಖರ್ಚು ಮಾಡಿ ಗೆದ್ದರು. ಪಕ್ಷದ ಮುಖಂಡರ ಕೈಯಿಂದ ಬಿಡಿಸಿ ಜನರ ಕೈಗೆ ಕೊಡಬೇಕೆಂದು ಮಾಡಿದ ಕಾನೂನು, ಯಾರ ಹಣದಿಂದ ಬೆಳೆಯಿತೋ ಅವರ ಹಣಕ್ಕೇ ಮೊದಲು ಸಿಕ್ಕಿಬಿದ್ದಿತು. ಲಾ ಫಾಲೆಟ್ ಜೊತೆಗಿನ ನಂಟು ಕಡಿಯಿತು. ರಾಜ್ಯದ ಶಾಸನಸಭೆ ವಿಚಾರಣೆ ನಡೆಸಿತು, ವಿಷಯ ಸೆನೆಟ್‌ವರೆಗೆ ಹೋಯಿತು. 1912ರ ಮಾರ್ಚ್‌ನಲ್ಲಿ 40 ಮತಗಳು ಅವರ ಪರವಾಗಿ, 34 ವಿರುದ್ಧವಾಗಿ ಬಿದ್ದು ಅವರ ಸ್ಥಾನ ಉಳಿಯಿತು. ಅದೇ ವರ್ಷದ ಬೇಸಿಗೆಯಲ್ಲಿ ಇಲಿನಾಯ್‌ನ ಸೆನೆಟರ್ ವಿಲಿಯಂ ಲಾರಿಮರ್ ಅವರ ಆಯ್ಕೆಯನ್ನು ಸೆನೆಟ್ ಅಸಿಂಧುಗೊಳಿಸಿತು. 1913ರಲ್ಲಿ ಅಮೆರಿಕದ ಸಂವಿಧಾನಕ್ಕೆ ಹದಿನೇಳನೆಯ ತಿದ್ದುಪಡಿ ಬಂದು ಸೆನೆಟರುಗಳ ಆಯ್ಕೆ ನೇರವಾಗಿ ಜನರ ಕೈಗೆ ಹೋಯಿತು.

ಆದ್ದರಿಂದ ಪ್ರಬಂಧದಲ್ಲಿ ಎರಡು ಸ್ಟೀಫನ್‌ಸನ್‌ರನ್ನು ಬೇರೆ ಬೇರೆ ನಿಲ್ಲಿಸು. 1866ರವರು ಹೊಳೆಗೆ ಬೇಲಿ ಹಾಕಲು ಮ್ಯಾಡಿಸನ್‌ಗೆ ಹೋದ ಮೂವತ್ತಾರರ ಮೋಪಿನ ವ್ಯಾಪಾರಿ. 1908ರವರು ಕಾಡು ತೀರುತ್ತಾ ಬಂದ ಕಾಲದ ಸಾಹುಕಾರರು. ನಡುವಿನ ನಲವತ್ತು ವರ್ಷಗಳಿಗೆ ಪುಟ ಸಾಲದಿದ್ದರೆ ವಾಷಿಂಗ್ಟನ್‌ನ ಆರು ವರ್ಷಗಳನ್ನು ಒಂದು ಪ್ಯಾರಾದಲ್ಲಿ ಮುಗಿಸು, ಬೆಂಕಿಯನ್ನು ಮಾತ್ರ ಮೊಟಕು ಮಾಡಬೇಡ. ಕರಡು ಆದ ಮೇಲೆ ಕಳಿಸು. ಅಳತೆಯ ಪುಟವನ್ನು ಸಾಹುಕಾರ್ರಿಗೆ ತೋರಿಸದೆ ಒಪ್ಪಿಸಬೇಡ. ಆ 256ರ ಲೆಕ್ಕವನ್ನು ನಾನು ಎರಡು ಸಲ ಮಾಡಿ ನೋಡಬೇಕಾಯಿತು.